ಅಂಗಳದ ನಡುವಿನ ಬಂಗಲೆ ಹುಲ್ಲು

ನಮ್ಮ ಮನೆಯ ಅಂಗಳದ ಗಡಿಯನ್ನು ಯಾರೂ ಒತ್ತಲಿಲ್ಲ. ಅಪ್ಪನೂ ಒತ್ತಲಿಲ್ಲ, ಕಾಕಾನೂ ಒತ್ತಲಿಲ್ಲ. ಮುಸುರೆ ತೊಳೆದ ನೀರು ಎತ್ತ ಹರಿಯಿತೋ ಗಡಿಗೆ ಹಚ್ಚಿದ ಹುಲ್ಲು ಅತ್ತ ಸರಿಯಿತು. ನಡೆದದ್ದು ಇಷ್ಟೇ. ನಮ್ಮೂರು ಯಳವತ್ತಿಯಲ್ಲಿ ಇಂದಿಗೂ ಇದನ್ನು ಬೇರೆ ಥರ ಹೇಳುವವರಿದ್ದಾರೆ. ದೊಡ್ಡವನು ಕದ್ದು ಹುಲ್ಲು ಕಿತ್ತು ಆಚೆ ಹಚ್ಚುತ್ತಿದ್ದ ಅನ್ನುವವರು ಕೆಲವರು, ಸಣ್ಣವನ ಹೆಂಡತಿ ಏನೋ ಮದ್ದು ಹಾಕಿದ್ದಳು ಅನ್ನುವವರು ಕೆಲವರು. ಅವರು ಯಾರೂ ಆ ಅಂಗಳದಲ್ಲಿ ಕಸ ಹೊಡೆದವರಲ್ಲ. ನಾನು ಹೊಡೆದಿದ್ದೇನೆ. ಶಾಲೆ ಕಲಿತದ್ದು ನಾಲ್ಕನೆಯ ಇಯತ್ತೆಯ ತನಕ ಮಾತ್ರ. ಕಣ್ಣಾರೆ ಕಂಡದ್ದನ್ನು ಬರೆಯಲು ಅಷ್ಟು ಸಾಕು.

ಮನೆ ಮಣ್ಣಿನ ಮಾಳಿಗೆಯದು. ತಲಬಾಗಿಲು ದಾಟಿದರೆ ಅಂಗಳ, ಅಂಗಳದ ಆಚೆ ಉದ್ದನೆಯ ಪಡಸಾಲೆ, ಪಡಸಾಲೆಯ ಎರಡೂ ತುದಿಗೆ ಕೋಣೆಗಳು. ಒಳಗೆ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ತುಂಡು ಎಲ್ಲಿ ಬಂತು ಎಂದು ನೋಡಿ ಅವ್ವ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಮನೆಯ ಯಜಮಾನಿಕೆ ಆಯಿಯದು, ಅಂದರೆ ಅಪ್ಪನ ತಾಯಿಯದು. ಆಕೆಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಈರಪ್ಪ, ನನ್ನ ಅಪ್ಪ. ಸಣ್ಣವನು ಬಸಪ್ಪ, ನನ್ನ ಕಾಕಾ. ಅವ್ವ ಮುಂಡರಗಿಯ ಕಡೆಯವಳು, ಅವಳ ರೊಟ್ಟಿ ಹಾಳೆಯಷ್ಟು ತೆಳ್ಳಗೆ, ಕಟಕಟ ಮುರಿಯುವಂಥದ್ದು. ಕಾಕಾನ ಹೆಂಡತಿ, ನಾನು ಚಿಗವ್ವ ಅನ್ನುತ್ತಿದ್ದವಳು, ಶಿರಹಟ್ಟಿಯವಳು. ಅವಳ ರೊಟ್ಟಿ ಮೆತ್ತಗೆ, ದಪ್ಪಗೆ, ಕೈಯಲ್ಲಿ ಹಿಡಿದರೆ ಬಿಸಿ ತಡವಾಗಿ ಆರುವಂಥದ್ದು. ಬೆಳಿಗ್ಗೆ ಅವ್ವನ ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ರಂಜಕ, ಸಂಜೆ ಚಿಗವ್ವನ ರೊಟ್ಟಿಗೆ ಕಡಲೆಹಿಟ್ಟಿನ ಜುಣಕ. ನನ್ನ ಹೊಟ್ಟೆಗೆ ಇದೇ ರೂಢಿ. ಯಾರದು ರುಚಿ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವಷ್ಟು ದಡ್ಡಿ ನಾನಾಗಿರಲಿಲ್ಲ.

ಚಿಗವ್ವನ ಅಪ್ಪ ಶಿರಹಟ್ಟಿಯಲ್ಲಿ ಒಂದು ಬಂಗಲೆಯ ಮಾಲಿ. ಅಲ್ಲಿ ಗೇಟಿನಿಂದ ಮೆಟ್ಟಿಲ ತನಕ ದಾರಿಯ ಎರಡೂ ದಂಡೆಗೆ ಒಂದು ಥರದ ಹುಲ್ಲು ಹಚ್ಚಿದ್ದರಂತೆ. ಹುಲ್ಲು ಅಂದರೆ ದನ ಮೇಯುವ ಹುಲ್ಲಲ್ಲ. ಗೇಣುದ್ದದ ಕಡುಹಸಿರು ಎಲೆ, ಬುಡದಿಂದ ಕಾರಂಜಿಯಂತೆ ಎದ್ದು ಸುತ್ತಲೂ ಬಾಗುವಂಥದ್ದು. ಮಳೆ ಮುಗಿಯುವ ಹೊತ್ತಿಗೆ ನಡುವೆ ಕಡ್ಡಿ ಬಿಟ್ಟು ನೇರಳೆ ಬಣ್ಣದ ಸಣ್ಣ ಹೂವು, ಆಮೇಲೆ ಕರಿಮಣಿಯಂಥ ಕಾಯಿ. ಮದುವೆಯಾಗಿ ಬಂದ ವರ್ಷ ಪಂಚಮಿಗೆ ತವರಿಗೆ ಹೋದವಳು ತಿರುಗಿ ಬರುವಾಗ ಬುಟ್ಟಿಯಲ್ಲಿ ಉಂಡಿಯ ಕೆಳಗೆ ಹಸಿ ಗೋಣಿತಟ್ಟು ಸುತ್ತಿದ ಒಂದು ಗಡ್ಡೆ ತಂದಳು. ಆಯಿ ತಟ್ಟು ಬಿಚ್ಚಿ ನೋಡಿದಳು.

"ಮಂದಿ ಸೊಸ್ತ್ಯಾರು ತವರಮನಿಯಿಂದ ಶೇಂಗಾ ಉಂಡಿ ತರತಾರ, ಎಳ್ಳುಂಡಿ ತರತಾರ. ನಮ್ಮಕಿ ಉಂಡಿ ಕೆಳಗ ಹುಲ್ಲು ತಂದಾಳ. ಎತ್ತಿಗೆ ಹಾಕೂಣೇನು?"

"ಎತ್ತು ತಿನ್ನಂಗಿಲ್ರಿ ಅತ್ತಿ."

"ಎತ್ತು ಸೈತ ತಿನ್ನದ ಹುಲ್ಲು ತಗೊಂಡು ಏನ ಮಾಡತಿ?"

"ಚಂದ ಕಾಣತೈತ್ರಿ."

ನಮ್ಮದು ಒಕ್ಕಲುತನದ ಮನೆ. ಹೊಲದಲ್ಲಿ ಹುಲ್ಲು ಕೀಳಲು ಆಳು ಹಚ್ಚುವವರು ನಾವು. ಅಂಗಳದಲ್ಲಿ ಹುಲ್ಲು ಎದ್ದರೆ ಆ ಮನೆಯಲ್ಲಿ ಹೆಂಗಸರಿಲ್ಲ ಎಂದು ತಿಳಿಯುವವರು. ಅಂಥದರಲ್ಲಿ ಹುಲ್ಲನ್ನು ನೀರು ಹಾಕಿ ಸಾಕುವ ಸೊಸೆ ಬಂದಳು. ಆಯಿ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಬೇವಿನ ಗಿಡದ ಬುಡಕ್ಕೆ, ಯಾರ ಕಾಲಿಗೂ ಸಿಗದ ಕಡೆ ಹಚ್ಚು ಅಂದಳು.

ಚಿಗವ್ವ ಹುಲ್ಲು ಸಾಕುವುದನ್ನು ನಾನು ಬೆನ್ನಿಗೇ ನಿಂತು ನೋಡಿದ್ದೇನೆ. ನಮ್ಮದು ಎರೆ ಮಣ್ಣು, ನೀರು ಕುಡಿದರೆ ಬಿಡುವುದಿಲ್ಲ. ಅದಕ್ಕೆ ಹಳ್ಳದ ಉಸುಕು ತಂದು ಕಲಸಿದಳು. ಗಡ್ಡೆಯನ್ನು ಕುರ್ಪಿಯಿಂದ ಬಿಡಿಸಿ, ಪ್ರತಿ ಹೋಳಿಗೂ ಬೇರು ಉಳಿಯುವಂತೆ ನೋಡಿ, ಎಲೆ ಹುಟ್ಟುವ ಜಾಗ ನೆಲದ ಮಟ್ಟಕ್ಕೇ ಇರುವಂತೆ ಇಟ್ಟು, ಸುತ್ತಲೂ ಹಿಮ್ಮಡಿಯಿಂದ ಒತ್ತಿದಳು. ಅಪ್ಪ ಉಳ್ಳಾಗಡ್ಡಿಗೆ ಮಾಡುವಂತೆ ಬುಡಕ್ಕೆ ಮಣ್ಣು ಏರಿಸಲು ನಾನು ಕೈ ಹಾಕಿದರೆ ಕೈಮೇಲೆ ಹೊಡೆದಳು. ಕುತ್ತಿಗೆಯ ತನಕ ಹುಗಿದರೆ ನಿನಗೆ ಉಸಿರು ಬರುತ್ತದೇನು ಎಂದು ಕೇಳಿದಳು. ಮಣ್ಣು ಒಣಗಿದರೆ ನೀರು, ಒಣಗದಿದ್ದರೆ ಇಲ್ಲ. ಚಳಿಗಾಲಕ್ಕೆ ಮಾಗಡಿ ಕೆರೆಗೆ ಬಂದ ಹಕ್ಕಿಗಳು ನಸುಕಿನಲ್ಲಿ ನಮ್ಮ ಮಾಳಿಗೆಯ ಮೇಲಿಂದ ಕಡಲೆ ಹೊಲಕ್ಕೆ ಹಾರುತ್ತಿದ್ದವು. ಆ ಸದ್ದು ನಿಂತಿತೆಂದರೆ ಹಕ್ಕಿ ಊರಿಗೆ ಹೋದವು, ಇನ್ನು ಹುಲ್ಲು ಕೊಯ್ಯಬೇಕು ಎಂದು ಚಿಗವ್ವನ ಲೆಕ್ಕ. ಹಳೆಯ ಎಲೆಯನ್ನೆಲ್ಲ ಕುಡಗೋಲಿನಿಂದ ಬೋಳಾಗಿ ಕೊಯ್ದುಬಿಡುತ್ತಿದ್ದಳು. ಯುಗಾದಿ ಬರುವುದರೊಳಗೆ ಎಳೆ ಎಲೆ ಮೇಲೆ ಬರುತ್ತಿತ್ತು. ಬಂಗಲೆಯಿಂದ ಬಂದದ್ದೆಂದು ಅದಕ್ಕೆ ನಾವೆಲ್ಲ ಬಂಗಲೆ ಹುಲ್ಲು ಅನ್ನತೊಡಗಿದೆವು.

ಹೀಗೆ ಒಂದೆರಡು ವರ್ಷ ಕಳೆದ ಮೇಲೆ ಅಪ್ಪನಿಗೂ ಕಾಕಾನಿಗೂ ಜಗಳ ಹತ್ತಿತು. ಹತ್ತಿ ಹಾಕಬೇಕೆಂದು ಅಪ್ಪ ಬಿಟ್ಟಿದ್ದ ಹೊಲಕ್ಕೆ ಕಾಕಾ ಕೇಳದೆ ಉಳ್ಳಾಗಡ್ಡಿ ಹಾಕಿದ. ಅಷ್ಟಕ್ಕೇ ಶುರುವಾದದ್ದು ಊಟದ ತಾಟಿಗೆ ಬಂತು, ತಾಟಿನಿಂದ ಒಲೆಗೆ ಬಂತು. ಹಿರಿಯರು ಸೇರಿದರು. ಹೊಲ ಹಂಚಿದರು, ಕೋಣೆ ಹಂಚಿದರು. ಮೂಡಲ ಕಡೆಯದು ಅಪ್ಪನಿಗೆ, ಬೇವಿನ ಗಿಡ ಇರುವ ಪಡುವಲ ಕಡೆಯದು ಕಾಕಾನಿಗೆ. ಅಂಗಳ ಉಳಿಯಿತು. ನಡುವೆ ಗೋಡೆ ಕಟ್ಟಿರಿ, ಮುಂದೆ ತಂಟೆ ಇರುವುದಿಲ್ಲ ಎಂದರು ಹಿರಿಯರು. ಆಯಿ ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ ಕುಳಿತಿದ್ದಳು.

"ಗ್ವಾಡಿ ನಾ ಸತ್ತಮ್ಯಾಲೆ ಕಟ್ಟಕೋರಿ. ಹೊಲದಾಗ ಗಡಿಗೆ ಏನ ಮಾಡತೀರಿ? ಬದುವಿನ ಮ್ಯಾಲ ಹುಲ್ಲು ಬಿಡತೀರಿ. ಇಲ್ಲೂ ಹುಲ್ಲು ಹಚ್ಚರಿ. ಮನ್ಯಾಗ ಐತಲ್ಲ, ಎತ್ತು ತಿನ್ನದ ಹುಲ್ಲು."

ಬೇರೆ ಊರಿನವರು ಕೇಳಿದರೆ ನಗುತ್ತಾರೆ, ಆದರೆ ಒಕ್ಕಲಿಗನ ತಲೆಗೆ ಇದು ಸರಿಯಾದ ಮಾತೇ. ಹಿರಿಯರು ತಲೆಯಾಡಿಸಿದರು. ತಲಬಾಗಿಲಿನಿಂದ ಪಡಸಾಲೆಯ ತನಕ ಹಗ್ಗ ಹಿಡಿದು, ಎರಡೂ ತುದಿಗೆ ಗೂಟ ಬಡಿದರು. ಬೇವಿನ ಬುಡದಲ್ಲಿ ಬೆಳೆದು ದಟ್ಟವಾಗಿದ್ದ ಹುಲ್ಲನ್ನು ಚಿಗವ್ವ ಹೋಳು ಮಾಡಿ ಆ ಹಗ್ಗದ ಗುಂಟ ಹಚ್ಚಿದಳು. ಚಂದಕ್ಕೆಂದು ತವರಿನಿಂದ ತಂದದ್ದನ್ನು ಮನೆ ಒಡೆಯಲು ಹಚ್ಚಬೇಕಾಯಿತಲ್ಲ ಎಂದು ಅವಳು ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ನೋಡುವಾಗ ಅಳಲಿಲ್ಲ. ಎಲ್ಲಾ ಹೋಳು ಒಂದೇ ಮಟ್ಟಕ್ಕೆ ಬಂದವೋ ಇಲ್ಲವೋ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು.

ಆಯಿ ಯಾರ ಪಾಲಿಗೆ ಎಂಬ ಮಾತು ಬಂದಾಗ ಆಕೆ ತನ್ನ ಹೊರಸನ್ನು, ಆ ಹಗ್ಗದ ಮಂಚವನ್ನು, ತಾನೇ ಎಳೆದುಕೊಂಡು ಹೋಗಿ ಹುಲ್ಲಿನ ಮೇಲೆಯೇ ಇಟ್ಟಳು. ಎರಡು ಕಾಲು ಅಪ್ಪನ ಕಡೆ, ಎರಡು ಕಾಲು ಕಾಕಾನ ಕಡೆ. ಹಗಲು ಅಲ್ಲಿಯೇ ಕೂಡುವುದು, ಅಲ್ಲಿಯೇ ಎಲೆ ಅಡಿಕೆ. ಮಳೆ ಬಂದರೆ ಮಾತ್ರ ಪಡಸಾಲೆ. ತಲೆ ಯಾವ ಕಡೆ ಹಾಕಿ ಮಲಗಿದಳು ಎಂದು ಎರಡೂ ಮನೆಯವರು ಕಳ್ಳಗಣ್ಣಿನಿಂದ ನೋಡುತ್ತಿದ್ದರು. ಆಕೆ ತಲೆಯನ್ನು ತಲಬಾಗಿಲ ಕಡೆ ಹಾಕುತ್ತಿದ್ದಳು.

ನನಗೆ ಹುಲ್ಲು ದಾಟಬಾರದು ಎಂದು ಅಪ್ಪನ ಕಟ್ಟಪ್ಪಣೆ. ಸಂಜೆಯ ಮೆತ್ತನೆಯ ರೊಟ್ಟಿ ನಿಂತಿತು. ಚಿಗವ್ವ ಒಲೆಯ ಮುಂದೆ ತಟ್ಟುವ ಸದ್ದು ಕೇಳುತ್ತಿತ್ತು, ವಾಸನೆ ಬರುತ್ತಿತ್ತು. ಗೋಡೆ ಇದ್ದಿದ್ದರೆ ಅದೂ ಬರುತ್ತಿರಲಿಲ್ಲ ಎಂದು ನಾನು ಆಗಲೇ ತಿಳಿದುಕೊಂಡಿದ್ದೆ. ಆಯಿಯ ಹೊರಸಿನ ಮೇಲೆ ಕುಳಿತರೆ ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ ಎಂದು ಆಯಿ ಕಾಯಿದೆ ಮಾಡಿದ್ದರಿಂದ ನಾನು ಅಲ್ಲಿ ಕೂಡುತ್ತಿದ್ದೆ, ಚಿಗವ್ವ ಮುಸುರೆ ತಿಕ್ಕುತ್ತ ನನ್ನ ಜೊತೆ ಮಾತಾಡುತ್ತಿದ್ದಳು. ಅವಳ ಅಡುಗೆ ಕೋಣೆಗೆ ಹಿತ್ತಲ ಬಾಗಿಲಿರಲಿಲ್ಲ, ಹಾಗಾಗಿ ಪಾತ್ರೆಗಳನ್ನು ಅಂಗಳಕ್ಕೇ ತಂದು ಬೇವಿನ ನೆರಳಲ್ಲಿ ತೊಳೆಯುತ್ತಿದ್ದಳು. ಅವ್ವ ಹಿತ್ತಲಲ್ಲಿ ತೊಳೆಯುತ್ತಿದ್ದಳು. ನಮ್ಮ ಕಡೆಯ ಅಂಗಳ ಬಿಸಿಲಿನದು. ಅವ್ವ ದಿನವೂ ಅದನ್ನು ಕಸಬರಿಗೆಯಿಂದ ಕೆರೆದು ಗುಡಿಸಿ, ಹುಲ್ಲಿನ ಅಂಚಿನ ತನಕ ಸೆಗಣಿ ಹಾಕಿ ಸಾರಿಸುತ್ತಿದ್ದಳು. ನಮ್ಮ ಕಡೆ ಒಂದು ಹೊಸ ಎಲೆಯೂ ಏಳಲಿಲ್ಲ. ಹಳೆಯ ಬುಡಗಳು ಒಣಗಿದವು. ಆಚೆ ನೆರಳು, ತಂಪು, ದಿನಕ್ಕೆ ಎರಡು ಸಲ ಮುಸುರೆ ನೀರು. ಇಷ್ಟೆಲ್ಲ ಕಣ್ಣೆದುರಿಗೇ ಇತ್ತು. ಯಾರೂ ನೋಡಲಿಲ್ಲ, ಯಾಕೆಂದರೆ ಅದು ಒಂದು ದಿನದಲ್ಲಿ ಆದದ್ದಲ್ಲ.

ಮೂರು ಮಳೆಗಾಲ ಕಳೆದಿರಬೇಕು. ಕಾಕಾ ಹೊಸ ಬಂಡಿ ತಂದ. ಅಂಗಳಕ್ಕೆ ತಂದು ನಿಲ್ಲಿಸಲು ನೋಡಿದರೆ ಗಾಲಿ ಹುಲ್ಲಿನ ಮೇಲೆ ಬಂತು. ಇಳಿದು ನೋಡಿದ. ತಲಬಾಗಿಲ ಬಳಿಯ ಗೂಟ ಒಂದು ಕಡೆ, ಹುಲ್ಲು ಅದಕ್ಕಿಂತ ಒಂದೂವರೆ ಮೊಳ ಇವನ ಕಡೆ.

"ಅವ್ವಾ, ಏಳು. ನಿನ್ನ ಹೊರಸು ಸೈತ ನನ್ನ ಅಂಗಳದಾಗ ಬಂದೈತಿ."

"ನಾ ಹುಲ್ಲಿನ ಮ್ಯಾಲೆ ಅದೀನಪ್ಪಾ. ಹುಲ್ಲು ಎಲ್ಲೈತೋ ಅಲ್ಲಿ ನಾ ಅದೀನಿ."

"ಹಂಗಾರ ಹುಲ್ಲು ಯಾರು ತಂದ್ರು ಇಲ್ಲಿಗೆ?"

ಇದನ್ನು ಅಂಗಳದಲ್ಲಿ ಕೇಳಿ ಬಿಟ್ಟಿದ್ದರೆ ಆಗುತ್ತಿತ್ತು. ಅವನು ಸೀದಾ ಊರಕಟ್ಟೆಗೆ ಹೋಗಿ ನಾಲ್ಕು ಜನರ ಮುಂದೆ, ನಮ್ಮಣ್ಣ ಬದು ಒತ್ಯಾನ ಅಂದುಬಿಟ್ಟ. ಹೊಲದ ಕೆಲಸ ಗೊತ್ತಿಲ್ಲದವರಿಗೆ ಈ ಮಾತಿನ ಪೆಟ್ಟು ತಿಳಿಯುವುದಿಲ್ಲ. ಕುಡುಕ ಅನ್ನಿ, ಜಿಪುಣ ಅನ್ನಿ, ನಡೆಯುತ್ತದೆ. ಬದು ಒತ್ತಿದವನು ಅಂದರೆ ಆ ಮನುಷ್ಯನ ಪಕ್ಕದ ಹೊಲದವನು ಅವನಿಗೆ ನೀರು ಕೊಡುವುದಿಲ್ಲ, ಅವನ ಮನೆಗೆ ಹೆಣ್ಣು ಕೊಡುವಾಗ ಎರಡು ಸಲ ಯೋಚಿಸುತ್ತಾರೆ. ಅಪ್ಪ ಕುಂಟೆ ಹೊಡೆಯುವಾಗ ಎತ್ತಿನ ಕಾಲು ಪಕ್ಕದವರ ಸಾಲಿಗೆ ಬಿದ್ದರೆ ನಿಂತು ಸರಿಮಾಡಿ ಮುಂದೆ ಹೋಗುವವನು. ಆ ದಿನ ಮನೆಗೆ ಬಂದು, ಕೈಕಾಲು ತೊಳೆದು, ತಾಟಿನ ಮುಂದೆ ಕುಳಿತು, ಎದ್ದುಬಿಟ್ಟ. ಮರುದಿನವೂ ಹಾಗೆಯೇ. ಒಂದು ಲೋಟ ಮಜ್ಜಿಗೆ ಕುಡಿದು ಹೊಲಕ್ಕೆ ಹೋಗುತ್ತಿದ್ದ. ಅವ್ವ ರೊಟ್ಟಿ ಬಡಿಯುವ ಸದ್ದು ಜೋರಾಯಿತು. ಅವನ ಗಲ್ಲದ ಎಲುಬು ಕಾಣತೊಡಗಿತು.

ಕಾಕಾ ಮಾತು ಆಡಿ ಸುಮ್ಮನಾಗಲಿಲ್ಲ. ಒಂದು ಬಂಡಿ ಕಲ್ಲು ಹೇರಿಸಿ ತಂದು ತಲಬಾಗಿಲ ಮುಂದೆ ಕೆಡವಿದ. ಗೋಡೆ ಕಟ್ಟುವ ಗೌಂಡಿಯನ್ನು ಕರೆತಂದ. ಹಳೆಯ ಗೂಟಕ್ಕೆ ಹಗ್ಗ ಹಿಡಿದು ಪಾಯ ತೋಡು ಎಂದ. ಅಪ್ಪ ಪಡಸಾಲೆಯ ಕಂಬದ ಬಳಿ ಕೈಕಟ್ಟಿ ನಿಂತ. ಕಟ್ಟಿಕೊಳ್ಳಲಿ ಎಂಬಂತೆ ನಿಂತ. ಆಯಿ ಹೊರಸಿನಿಂದ ಏಳಲಿಲ್ಲ. ಹೊರಸು ಈಗ ಗೂಟದ ಗೆರೆಯ ಮೇಲೆ ಇರಲಿಲ್ಲವಾದ್ದರಿಂದ ಆಕೆಯನ್ನು ಎಬ್ಬಿಸುವ ಗರಜೂ ಬೀಳಲಿಲ್ಲ. ಅದು ಆಕೆಗೆ ಬಹಳ ಅವಮಾನವಾಗಿರಬೇಕು. ಎಲೆ ಅಡಿಕೆ ಉಗುಳಿಬಿಟ್ಟಳು.

ಗೌಂಡಿ ಗುದ್ದಲಿ ಹಾಕಿದ. ಮೊದಲ ನಾಲ್ಕು ಏಟಿಗೆ ಬಂದದ್ದು ಒಣಗಿದ ಬುಡಗಳು, ಹುಲ್ಲು ಮೊದಲು ಹಚ್ಚಿದ ಜಾಗದವು. ಅವುಗಳ ಜೊತೆಗೆ ಮಣ್ಣಿನೊಳಗಿಂದ ಬಿಳಿ ದಾರದಂಥವು ಎದ್ದುಬಂದವು. ಚಿಗವ್ವ ಸೆರಗು ತಲೆಗೆ ಎಳೆದುಕೊಂಡು ಬಾಗಿಲಲ್ಲಿ ನಿಂತಿದ್ದಳು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಜೊತೆ ನೇರ ಮಾತಾಡುವುದಿಲ್ಲ. ಹೇಳುವುದಿದ್ದರೆ ನಡುವೆ ಮಕ್ಕಳು ಬೇಕು. ಅವಳು ಅಂಗಳಕ್ಕೆ ಇಳಿದು ಬಂದು, ಹೊರಸಿನ ಮೇಲಿದ್ದ ನನ್ನನ್ನು ರಟ್ಟೆ ಹಿಡಿದು ನಿಲ್ಲಿಸಿದಳು. ಅಪ್ಪ ನಾಲ್ಕು ಮಾರು ದೂರವೂ ಇರಲಿಲ್ಲ.

"ಗಂಗೀ, ನಿಮ್ಮಪ್ಪಾರಿಗೆ ಹೇಳು. ಹುಲ್ಲು ಯಾರೂ ಸರಿಸಿಲ್ಲ, ತಾನ ಸರದೈತಿ ಅಂತ."

ನಾನು ಕುತ್ತಿಗೆ ತಿರುಗಿಸುವುದರೊಳಗೆ ಅಪ್ಪ ಅಂದ:

"ಗಂಗೀ, ನಿಮ್ಮ ಚಿಗವ್ವಗ ಕೇಳು. ಇಷ್ಟು ದಿನಾ ಬಾಯಾಗ ಏನ ಇಟ್ಟಕೊಂಡಿದ್ದಿ ಅಂತ."

"ಹೇಳೀನಂತ ಹೇಳು. ಮನ್ಯಾಗ ಹೇಳೀನಿ. ಹುಲ್ಲಿಗೆ ಕಾಲ ಅದಾವೇನು ಅಂತ ಬೈಸಿಕೊಂಡೀನಿ."

ಕಾಕಾ ಗೌಂಡಿಯ ಕಡೆ ನೋಡಿದ. ಗೌಂಡಿ ಗುದ್ದಲಿಯ ಕಡೆ ನೋಡಿದ. ಚಿಗವ್ವ ಕೂತು, ಅಗೆದ ಮಣ್ಣಿಗೆ ಕೈ ಹಾಕಿ, ಒಂದು ಬಿಳಿ ದಾರ ಹಿಡಿದು ಮೆಲ್ಲಗೆ ಎಳೆಯುತ್ತ ಹೋದಳು. ಒಣಬುಡದಿಂದ ಹೊರಟ ದಾರ ಮಣ್ಣಿನ ಕೆಳಗೆ ಪಡುವಲಕ್ಕೆ ಹೋಗಿ ಒಂದು ಹಸಿರು ಬುಡದಲ್ಲಿ ಎದ್ದಿತ್ತು. ಅಲ್ಲಿಂದ ಇನ್ನೊಂದು ದಾರ, ಇನ್ನೊಂದು ಬುಡ. ಎಳೆಯುತ್ತ ಎಳೆಯುತ್ತ ಅವಳು ಮುಸುರೆ ತಿಕ್ಕುವ ಜಾಗಕ್ಕೆ ಬಂದು ನಿಂತಳು. ಅಲ್ಲಿ ಬೆಳಗಿನ ನೀರು ಇನ್ನೂ ಆರಿರಲಿಲ್ಲ. ಆಯಿ ಹೊರಸಿನಿಂದ ಎದ್ದು ಬಂದಳು. ದಾರವನ್ನು ಬೆರಳಿಗೆ ಸುತ್ತಿ, ಮೂಗಿಗೆ ಹಿಡಿದು, ಬಿಟ್ಟಳು.

"ಬಸ್ಯಾ, ನಿನ್ನ ಹೇಣ್ತಿ ಮುಸುರಿ ನೀರು ಕುಡಕೋತ ಬಂದೈತಿದು. ನಿಮ್ಮಣ್ಣ ತಂದಿದ್ದಲ್ಲ. ನೋಡಿದಿ? ಕಟ್ಟಿಮ್ಯಾಲ ಹೇಳಿ ಬಂದಿಯಲ್ಲ, ಈಗ ಹೋಗಿ ಇದನ್ನೂ ಹೇಳಿ ಬಾ."

ಕಾಕಾ ಕೂತು ಆ ದಾರವನ್ನು ತಾನೂ ಒಮ್ಮೆ ಎಳೆದು ನೋಡಿದ. ಆಮೇಲೆ ಗೌಂಡಿಗೆ, ಇವತ್ತು ಬ್ಯಾಡ ಬಿಡು ಎಂದ.

"ಇವತ್ತು ಬ್ಯಾಡ ಅಂದ್ರ ನಾಳೆ ಬೇಕೇನು?"

"ನೀ ಇರೂತನಕ ಬ್ಯಾಡವ್ವಾ."

"ಹಂಗಾರ ನಾ ಜಲ್ದಿ ಸಾಯಂಗಿಲ್ಲ."

ತಪ್ಪಾಯಿತು ಅನ್ನುವ ಮಾತು ನಮ್ಮ ಮನೆಯ ಗಂಡಸರ ಬಾಯಿಂದ ಯಾವ ಕಾಲಕ್ಕೂ ಬಂದದ್ದಿಲ್ಲ, ಆ ದಿನವೂ ಬರಲಿಲ್ಲ. ಕಾಕಾ ಕಟ್ಟೆಗೆ ಹೋಗಿ ಬಂದ. ಏನು ಹೇಳಿದನೋ, ಹೇಳಿ ಬಂದ. ಬಂದವನು ಅಂಗಿ ಕಳಚಿ ಗೂಟಕ್ಕೆ ಹಾಕಿ, ಗುದ್ದಲಿ ಬಿದ್ದ ಜಾಗದಲ್ಲಿ ಕೂತು, ದಾರದ ಜೊತೆ ಕಿತ್ತುಬಂದ ಹಸಿ ಹೋಳುಗಳನ್ನು ತಿರುಗಿ ನೆಡತೊಡಗಿದ. ಉಳ್ಳಾಗಡ್ಡಿ ಬೆಳೆಯುವವನ ಕೈ. ಕುಣಿ ತೋಡಿ, ಕುತ್ತಿಗೆಯ ತನಕ ಹುಗಿದು, ಸುತ್ತಲೂ ಮಣ್ಣು ಏರಿಸುತ್ತ ಹೋದ. ಚಿಗವ್ವ ಎದುರಿಗೇ ನಿಂತಿದ್ದಳು. ಗಂಡನ ಜೊತೆ ಮಾತಾಡಲು ಅವಳಿಗೆ ಯಾರ ಅಡ್ಡಿಯೂ ಇರಲಿಲ್ಲ.

"ಗಂಗೀ, ನಿಮ್ಮ ಕಾಕಾಗ ಹೇಳು. ಅಷ್ಟು ಆಳಕ ಹುಗಿಬ್ಯಾಡ, ಅದೇನು ಹೆಣ ಅಲ್ಲ."

ಕಂಬದ ಬಳಿ ನಿಂತಿದ್ದ ಅಪ್ಪ ನಕ್ಕುಬಿಟ್ಟ. ಜಗಳ ಶುರುವಾದಾಗಿನಿಂದ ನಾನು ಅವನ ಹಲ್ಲು ನೋಡಿರಲಿಲ್ಲ. ಕಾಕಾ ತಲೆ ಎತ್ತಿದ, ಕೆಂಪಾಗಿದ್ದ ಮುಖ ಇನ್ನಷ್ಟು ಕೆಂಪಾಯಿತು, ಆಮೇಲೆ ಅವನೂ ನಕ್ಕ. ಅಪ್ಪ ಇಳಿದು ಬಂದು, ಸರೀ ಹಿಡಿ ಇಲ್ಲಿ, ಎಂದು ಕೈಯಿಂದ ಹೋಳು ಕಸಿದುಕೊಂಡ. ಅವನಿಗೂ ನೆಡಲು ಬರುತ್ತಿರಲಿಲ್ಲ. ಇಬ್ಬರೂ ಹುಗಿದದ್ದನ್ನು ಚಿಗವ್ವ ಆಮೇಲೆ ಒಂದೊಂದಾಗಿ ಮೇಲಕ್ಕೆತ್ತಿ ಸರಿಮಾಡಿದಳು. ಆ ಮಧ್ಯಾಹ್ನ ಅಪ್ಪ ಉಂಡ. ಅವ್ವ ಬಡಿಸುತ್ತ ಬಡಿಸುತ್ತ, ಸಾಕು ಅನ್ನುವುದರೊಳಗೆ ಇನ್ನೊಂದು ರೊಟ್ಟಿ ಹಾಕಿದಳು.

ಗೌಂಡಿ ಕೂಲಿ ಕೆಟ್ಟಿತೆಂದು ಮುಖ ಸಣ್ಣ ಮಾಡಿಕೊಂಡು ಹೊರಟಿದ್ದ. ಆಯಿ ಅವನನ್ನು ಕರೆದಳು.

"ಬಂದಿದ್ದಕ್ಕ ಒಂದು ಕೆಲಸಾ ಮಾಡಿ ಹೋಗು. ಆ ಕಲ್ಲಿನಾಗ ಅಗಲಂದು ಒಂದು ನೋಡು. ಈರಪ್ಪನ ಕಡೆ, ಹುಲ್ಲಿನ ಮಗ್ಗಲಕ ಹಾಕು. ಮುಸುರಿ ತಿಕ್ಕಾಕ. ಹ್ಯಾಂಗ ಹೋತೋ ಹಂಗ ಬರ್ಲಿ ಹುಲ್ಲು."

ಮನೆ ಒಂದಾಯಿತೇ ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ, ಆಗಲಿಲ್ಲ. ಒಲೆ ಎರಡೇ ಉಳಿದವು, ಹೊಲ ಎರಡೇ ಉಳಿದವು. ಒಂದು ಮಳೆಗಾಲ ಇಬ್ಬರು ಹೆಂಗಸರೂ ಈ ಕಡೆ ಮುಸುರೆ ತಿಕ್ಕುವುದು, ಇನ್ನೊಂದು ಮಳೆಗಾಲ ಆ ಕಡೆ. ಹುಲ್ಲು ಇತ್ತಲೂ ಬಂತು, ಅತ್ತಲೂ ಹೋಯಿತು. ನನ್ನ ಮದುವೆಯ ಹೊತ್ತಿಗೆ ಗೆರೆ ಎನ್ನುವುದೇ ಇರಲಿಲ್ಲ, ಹಾಸಿಗೆಯಷ್ಟು ಅಗಲ ಹಸಿರು. ಆಯಿಯ ಹೊರಸಿನ ನಾಲ್ಕೂ ಕಾಲು ಅದರೊಳಗೇ. ಆಕೆ ಸತ್ತ ಮೇಲೆ ಗೋಡೆ ಕಟ್ಟಬಹುದಿತ್ತು. ಯಾರೂ ಆ ಮಾತೆತ್ತಲಿಲ್ಲ. ಉಳಿದ ಕಲ್ಲನ್ನು ದನದ ಗೋದಲಿಗೆ ಬಳಸಿಕೊಂಡರು. ಮದುವೆಯಾಗಿ ಬೆಟಗೇರಿಗೆ ಬರುವಾಗ ನಾನು ಒಂದು ಹೋಳು ತಂದೆ. ಅದು ಈಗಲೂ ನಮ್ಮ ಮೆಟ್ಟಿಲ ಬದಿಗಿದೆ. ಈಚೆಗೆ ಮೊಮ್ಮಗಳು ಗದಗಿನ ನರ್ಸರಿಯಿಂದ ಇಂಥದೇ ಒಂದನ್ನು ಕುಂಡದಲ್ಲಿ ತಂದು, ಇದರ ಹೆಸರು ಹೇಳಿದಳು. ಹೆಸರು ನನ್ನ ಬಾಯಿಗೆ ಹತ್ತಲಿಲ್ಲ. ಎರಡು ವಾರದಲ್ಲಿ ಬುಡ ಕೊಳೆಯಿತು, ಪ್ರೀತಿಗೆ ದಿನವೂ ನೀರು ಹಾಕಿದ್ದಳು. ಸೊಸೆ ಮೊಮ್ಮಗಳ ಮೇಲೆ ರೇಗಿದಳು, ಮೊಮ್ಮಗಳು ನರ್ಸರಿಯವನ ಮೇಲೆ. ನಾನು ಕುಂಡ ಎತ್ತಿ ತಳ ನೋಡಿದೆ. ತೂತು ಮುಚ್ಚಿತ್ತು. ಮನೆಯಲ್ಲಿ ಯಾರ ಮೇಲೆ ದೂರು ಬಂದರೂ ನಾನು ಮೊದಲು ಮುಖ ನೋಡುವುದಿಲ್ಲ, ನೀರು ಎಲ್ಲಿ ನಿಂತಿದೆ ಎಂದು ನೋಡುತ್ತೇನೆ. ಅದು ಆ ಅಂಗಳದಲ್ಲಿ ಕಲಿತದ್ದು.

ಗೌಂಡಿ ಆ ಕಲ್ಲು ಹಾಕಿದ ಮರುದಿನ ನಾನು ನಸುಕಿನಲ್ಲೇ ಎದ್ದೆ. ಅಪ್ಪ ಹುಲ್ಲು ದಾಟು ಎಂದು ಹೇಳಿರಲಿಲ್ಲ, ದಾಟಬೇಡ ಎಂಬ ಮಾತನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಪಡಸಾಲೆಯಲ್ಲಿ ಕೂತು ಬೇವಿನ ಕಡ್ಡಿ ಅಗಿಯುತ್ತ ನನ್ನನ್ನೇ ನೋಡುತ್ತಿದ್ದ. ನಾನು ಹುಲ್ಲು ದಾಟಿ ಚಿಗವ್ವನ ಬಾಗಿಲಿಗೆ ಹೋದೆ. ರಾತ್ರಿಯ ಮುಸುರೆ ಬುಟ್ಟಿಯಲ್ಲಿ ತುಂಬಿತ್ತು. ಎತ್ತಲು ಬರಲಿಲ್ಲ, ಎಳೆದುಕೊಂಡು ಬಂದೆ. ಹುಲ್ಲಿನ ಬಳಿ ಬಂದಾಗ ಎಲೆ ಮುರಿಯದಂತೆ ಪಾತ್ರೆಗಳನ್ನು ಒಂದೊಂದಾಗಿ ತೆಗೆದು ನಮ್ಮ ಕಡೆಯ ಹೊಸ ಕಲ್ಲಿನ ಮೇಲೆ ಇಟ್ಟೆ. ಅವ್ವ ಬೂದಿ ತಂದು ಕೊಟ್ಟಳು. ಮೊದಲನೆಯ ತಂಬಿಗೆ ನೀರು ಸುರಿದೆ.